ಗುಬ್ಬಚ್ಚಿಗೆ ಐದು ಮೊಟ್ಟೆ, ಕಡಲಹಕ್ಕಿಗೆ ಒಂದೇ. ಈ ಲೆಕ್ಕ ಹೇಗೆ ಕೂಡುತ್ತದೆ?

ಪುಕ್ಕಪುರಾಣ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ತೋರಿಸಲು ಒಂದು ದೊಡ್ಡ ಚಾರ್ಟ್ ಬರೆಯುತ್ತಿದ್ದೇನೆ. ಎಡಗಡೆ ಒಂದು ಕಡಲಹಕ್ಕಿ, ಬಲಗಡೆ ಒಂದು ಹಾಡುಹಕ್ಕಿ. ಕಡಲಹಕ್ಕಿಗೆ ಲೇಸನ್ ಆಲ್ಬಟ್ರಾಸ್ ಆರಿಸಿಕೊಂಡೆ, ಹಾಡುಹಕ್ಕಿಗೆ ನಮ್ಮೆಲ್ಲರ ಗುಬ್ಬಚ್ಚಿ. ಉದ್ದ, ತೂಕ, ಬಣ್ಣ, ಊಟ ಎಲ್ಲಾ ಬರೆದಾಯಿತು. ಮೊಟ್ಟೆಯ ಸಾಲಿಗೆ ಬಂದಾಗ ಕೈ ನಿಂತಿತು.

ಗುಬ್ಬಚ್ಚಿ ಒಂದು ಸಲಕ್ಕೆ ನಾಲ್ಕೈದು ಮೊಟ್ಟೆ ಇಡುತ್ತದೆ, ಅದೂ ವರ್ಷಕ್ಕೆ ಎರಡು ಮೂರು ಸಲ. ಆಲ್ಬಟ್ರಾಸ್ ಇಡುವುದು ಒಂದೇ ಒಂದು ಮೊಟ್ಟೆ. ಅದು ಒಡೆದರೆ ಆ ವರ್ಷ ಮುಗಿಯಿತು. ಹಾಗಿದ್ದರೂ ಅದರ ಸಂತತಿ ಉಳಿದುಕೊಂಡು ಬಂದಿದೆ. ಹೇಗೆ? ಮಿಡ್‌ವೇ ದ್ವೀಪದ ವಿಸ್ಡಮ್ ಎಂಬ ಆಲ್ಬಟ್ರಾಸ್ ಬಗ್ಗೆ ಓದಿದೆ. 1956ರಲ್ಲಿ ಅದರ ಕಾಲಿಗೆ ಗುರುತಿನ ಬಳೆ ಹಾಕಿದಾಗಲೇ ಅದು ಮೊಟ್ಟೆ ಇಡುವ ವಯಸ್ಸಿನ ಹಕ್ಕಿ. 2024ರ ಕೊನೆಯಲ್ಲಿ ಮತ್ತೆ ಮೊಟ್ಟೆ ಇಟ್ಟಿದೆ! ಅಂದರೆ ಎಪ್ಪತ್ತು ದಾಟಿದ ಅಜ್ಜಿ ಬಾಣಂತಿ. ದೊಡ್ಡ ಪ್ರಾಣಿ ಜಾಸ್ತಿ ದಿನ ಬದುಕುತ್ತದೆ, ಆನೆ ಇಲಿಯ ಹಾಗೆ, ಅದಕ್ಕೇ ಹೀಗೆ ಎಂದು ಬರೆದುಬಿಡಲೇ? ಮೂರು ಕಿಲೋ ತೂಗುವ ಹಕ್ಕಿ ಅದು, ತಕ್ಕಡಿಯ ಆ ಕಡೆ ನೂರು ಗುಬ್ಬಚ್ಚಿ ಇಟ್ಟರೆ ಸಮ ಆಗುತ್ತದೆ.

ಇನ್ನೊಂದು ಸಣ್ಣ ಅನುಮಾನ. ಗುಬ್ಬಚ್ಚಿಯನ್ನು ಹಾಡುಹಕ್ಕಿ ಅನ್ನಬಹುದಾ? ಚಿಂವ್ ಚಿಂವ್ ಬಿಟ್ಟು ಅದು ಬೇರೇನೂ ಹಾಡಿದ್ದನ್ನು ನಾನು ಕೇಳಿಲ್ಲ. ಹಾಡುಹಕ್ಕಿ ಎಂದು ಬರೆದು ಅದರ ಚಿತ್ರ ಅಂಟಿಸಿದರೆ ಮಕ್ಕಳು ನಗುವುದಿಲ್ಲ ತಾನೇ?

ಅಲೆಮಾರಿ:

ನಿಮ್ಮ ಪ್ರಶ್ನೆ ಚೆನ್ನಾಗಿದೆ, ಆದರೆ ಜೋಡಿ ಸರಿಯಿಲ್ಲ. ಒಂದು ಕಡೆ ಮೂರು ಕಿಲೋ, ಇನ್ನೊಂದು ಕಡೆ 30 ಗ್ರಾಂ ಇಟ್ಟರೆ ನೋಡಿದವರೆಲ್ಲ "ಓ, ಗಾತ್ರ" ಎಂದು ಅಲ್ಲಿಗೇ ಬಿಟ್ಟುಬಿಡುತ್ತಾರೆ. ನೀವೂ ಅದನ್ನೇ ಮಾಡಿದ್ದೀರಿ.

ಆಲ್ಬಟ್ರಾಸ್ ಎತ್ತಿಡಿ. ಅದರ ಜಾಗಕ್ಕೆ ಯುರೋಪಿನ ಸ್ಟಾರ್ಮ್ ಪೆಟ್ರೆಲ್ ತನ್ನಿ. ಆಲ್ಬಟ್ರಾಸ್‌ನ ದೂರದ ನೆಂಟನೇ ಇದು, ಮೂಗು ಕೊಕ್ಕಿನ ಮೇಲೆ ಕೊಳವೆಯ ಹಾಗೆ ಇರುವ ಅದೇ ಗುಂಪು. ಮೈ ಕಪ್ಪು, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ತೂಕ ಎಷ್ಟು ಹೇಳಿ ನೋಡೋಣ? ಸುಮಾರು 25 ಗ್ರಾಂ. ಗುಬ್ಬಚ್ಚಿಗಿಂತ ಹಗುರ! ಅಂಗೈಯಲ್ಲಿ ಮುಚ್ಚಿಡಬಹುದಾದ ಈ ಹಕ್ಕಿ ಅಟ್ಲಾಂಟಿಕ್ ಮೇಲೆ, ದಡ ಕಾಣದಷ್ಟು ದೂರದಲ್ಲಿ ಬಾಳುತ್ತದೆ. ಯುರೋಪಿನಲ್ಲಿ ಚಳಿ ಬಂದಾಗ ಬಹಳಷ್ಟು ಹಕ್ಕಿಗಳು ಆಫ್ರಿಕಾದ ದಕ್ಷಿಣ ತುದಿಯ ಕಡಲಿನವರೆಗೂ ಹೋಗುತ್ತವೆ.

ಈಗ ನೋಡಿ. ಪೆಟ್ರೆಲ್ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಆಲ್ಬಟ್ರಾಸ್ ಹಾಗೆಯೇ. ಬಳೆ ಹಾಕಿಸಿಕೊಂಡ ಪೆಟ್ರೆಲ್‌ಗಳಲ್ಲಿ 30 ವರ್ಷ ದಾಟಿದವು ಸಿಕ್ಕಿವೆ. ಗುಬ್ಬಚ್ಚಿಗೆ ಹುಟ್ಟಿದ ಮರುವರ್ಷವೇ ಸಂಸಾರ, ಪೆಟ್ರೆಲ್ ನಾಲ್ಕೈದು ವರ್ಷ ಕಾಯುತ್ತದೆ. ತೂಕ ಒಂದೇ, ಬಾಳು ಅಜಗಜಾಂತರ. ಹಾಗಾಗಿ ನಿಮ್ಮ ಆನೆ ಇಲಿ ವಾದ ಇಲ್ಲಿ ನಡೆಯುವುದಿಲ್ಲ. ಗಾತ್ರಕ್ಕೆ ಪಾತ್ರವೇ ಇಲ್ಲ ಎನ್ನುತ್ತಿಲ್ಲ, 25 ಗ್ರಾಂ ಹಕ್ಕಿ ಎಪ್ಪತ್ತು ವರ್ಷ ಬದುಕಿದ್ದನ್ನು ಯಾರೂ ಕಂಡಿಲ್ಲ. ಆದರೆ ಮೊಟ್ಟೆಯ ಲೆಕ್ಕ ಗಾತ್ರದಿಂದ ಬಂದದ್ದಲ್ಲ.

ಕೂಡಿಕಳೆ:

ಲೆಕ್ಕ ಅಂದಿರಲ್ಲ, ಅದಕ್ಕೇ ಬಂದೆ. ಸುಲಭ ಆಗಲಿ ಎಂದು ಅಂಕಿಗಳನ್ನು ಉಂಡೆ ಮಾಡಿ ಹೇಳುತ್ತೇನೆ, ಗ್ರಾಂ ತೂಕದಲ್ಲಿ ಜಗಳ ತೆಗೆಯಬೇಡಿ.

ಒಂದು ಜೋಡಿ ಇಡೀ ಬಾಳಿನಲ್ಲಿ ಎಷ್ಟು ಮೊಟ್ಟೆ ಇಟ್ಟರೂ ಸರಿ, ತಮ್ಮ ಎರಡು ಜಾಗ ತುಂಬುವ ಎರಡು ಮರಿ ಬೆಳೆದು ದೊಡ್ಡವಾದರೆ ಸಾಕು. ಸಂಖ್ಯೆ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ.

ದೊಡ್ಡ ಗುಬ್ಬಚ್ಚಿಗಳಲ್ಲಿ ವರ್ಷಕ್ಕೆ ಅರ್ಧ ಸಾಯುತ್ತವೆ ಎಂದಿಟ್ಟುಕೊಳ್ಳಿ. 100 ಇದ್ದದ್ದು 50, ಆಮೇಲೆ 25, ಐದು ವರ್ಷಕ್ಕೆ ಮೂರು. ಸರಾಸರಿ ಒಂದು ಹಕ್ಕಿಗೆ ಸಿಗುವುದು ಎರಡೇ ಹಂಗಾಮು. ಹಂಗಾಮಿಗೆ 12 ಮೊಟ್ಟೆ ಹಿಡಿದರೂ ಬಾಳಿಗೆ 24. ಅದರಲ್ಲಿ ಎರಡು ಉಳಿಯಬೇಕು, ಅಂದರೆ ಹನ್ನೆರಡರಲ್ಲಿ ಒಂದು.

ಪೆಟ್ರೆಲ್‌ನಲ್ಲಿ ವರ್ಷಕ್ಕೆ 100ಕ್ಕೆ 12 ಸಾಯುತ್ತವೆ ಎಂದಿಟ್ಟುಕೊಳ್ಳಿ. ಐದು ವರ್ಷದ ನಂತರವೂ 53 ಇರುತ್ತವೆ. ಹತ್ತು ವರ್ಷಕ್ಕೆ 28. ಇಪ್ಪತ್ತು ವರ್ಷಕ್ಕೂ ಏಳೆಂಟು ಮುದುಕರು ಹಾರಾಡಿಕೊಂಡಿರುತ್ತಾರೆ. ಸರಾಸರಿ ಎಂಟು ಹಂಗಾಮು, ಎಂಟು ಮೊಟ್ಟೆ. ಅದರಲ್ಲಿ ಎರಡು ಉಳಿಯಬೇಕು, ನಾಲ್ಕರಲ್ಲಿ ಒಂದು. ಲೆಕ್ಕ ಕೂಡಿತು ಅಲ್ವಾ? ವರ್ಷಕ್ಕೆ ಎಷ್ಟು ಮೊಟ್ಟೆ ಎಂದು ಕೇಳಿದ್ದೇ ತಪ್ಪು, ಬಾಳಿಗೆ ಎಷ್ಟು ಎಂದು ಕೇಳಬೇಕು.

ನನಗೆ ಹೆದರಿಕೆ ಹುಟ್ಟಿಸುವುದು ಇದರ ಇನ್ನೊಂದು ಮುಖ. ಏನೋ ಹೊಸ ಕಂಟಕ ಬಂದು ವರ್ಷಕ್ಕೆ ಇನ್ನೂ 12 ಹಕ್ಕಿ ಜಾಸ್ತಿ ಸತ್ತವು ಎನ್ನೋಣ. ಗುಬ್ಬಚ್ಚಿಯಲ್ಲಿ 50 ಇದ್ದದ್ದು 62 ಆಯಿತು, ಹನ್ನೆರಡರಲ್ಲಿ ಒಂದರ ಬದಲು ಹತ್ತರಲ್ಲಿ ಒಂದು ಮರಿ ಉಳಿದರೆ ಸರಿಹೋಗುತ್ತದೆ. ಪೆಟ್ರೆಲ್‌ನಲ್ಲಿ 12 ಇದ್ದದ್ದು 24 ಆಯಿತು. ಹಂಗಾಮು ಎಂಟರಿಂದ ನಾಲ್ಕಕ್ಕೆ ಇಳಿಯಿತು, ಮೊಟ್ಟೆಯೂ ನಾಲ್ಕೇ. ಎರಡಕ್ಕೊಂದು ಉಳಿಯಲೇಬೇಕು, ಅದೂ ನಾಲ್ಕೈದು ವರ್ಷ ಕಡಲಲ್ಲಿ ಸಾಯದೆ ತಿರುಗಿ, ವಾಪಸ್ ಬಂದು. ಆಗುವ ಮಾತಲ್ಲ.

ಪುಕ್ಕಪುರಾಣ:

ಇಬ್ಬರಿಗೂ ಥ್ಯಾಂಕ್ಸ್. ಆಲ್ಬಟ್ರಾಸ್ ಚಿತ್ರ ಬರೆದಾಗಿತ್ತು, ಅದೂ ಚೆನ್ನಾಗಿ ಬಂದಿತ್ತು, ಹೊಟ್ಟೆ ಉರಿಯುತ್ತಿದೆ. ಇರಲಿ.

ಆದರೆ ಮೇಷ್ಟ್ರೇ, ನಿಮ್ಮ ಲೆಕ್ಕ ಕೂಡುತ್ತದೆ ನಿಜ, ಕಾರಣ ಹೇಳುವುದಿಲ್ಲ. ಅಷ್ಟು ವರ್ಷ ಬದುಕುವ ಹಕ್ಕಿ ಎರಡು ಮೊಟ್ಟೆ ಇಟ್ಟರೆ ಇನ್ನೂ ಲಾಭವೇ ತಾನೇ? ಅದಕ್ಕೆ ಮೈಯಲ್ಲಿ ಕಸುವು ಸಾಲದೇ?

ಅಲೆಮಾರಿ:

ಮೊಟ್ಟೆ ಇಡುವ ಕಸುವಿನ ಮಾತಾದರೆ ಗುಬ್ಬಚ್ಚಿಯೇ ದೊಡ್ಡ ಪೈಲ್ವಾನ. ಅದರ ಒಂದು ಮೊಟ್ಟೆ ಮೂರು ಗ್ರಾಂಗಿಂತ ಸ್ವಲ್ಪ ಕಡಿಮೆ. ಐದು ಸೇರಿದರೆ 14 ಗ್ರಾಂ, ಅಂದರೆ ತನ್ನ ತೂಕದ ಹತ್ತಿರ ಹತ್ತಿರ ಅರ್ಧ, ಅದನ್ನು ಐದು ದಿನದಲ್ಲಿ ಇಟ್ಟು ಮುಗಿಸುತ್ತದೆ. ಪೆಟ್ರೆಲ್‌ನ ಒಂದೇ ಮೊಟ್ಟೆ ಸುಮಾರು ಏಳು ಗ್ರಾಂ, ಮೈತೂಕದ ಕಾಲುಭಾಗ. ಒಂದೇ ಮೊಟ್ಟೆ ಅಂತ ನೋಡಿದರೆ ಭಾರೀ ದೊಡ್ಡದು, ಆದರೆ ಒಟ್ಟು ಖರ್ಚು ಗುಬ್ಬಚ್ಚಿಯದೇ ಜಾಸ್ತಿ.

ಕಷ್ಟ ಇರುವುದು ಇಡುವುದರಲ್ಲಿ ಅಲ್ಲ, ಸಾಕುವುದರಲ್ಲಿ. ಗುಬ್ಬಚ್ಚಿಯ ಊಟ ಗೂಡಿನ ಸುತ್ತಲೇ ಇದೆ. ದೊಡ್ಡವು ಕಾಳು ತಿಂದರೂ ಎಳೆಮರಿಗೆ ಹುಳ ಬೇಕು, ಗಂಡು ಹೆಣ್ಣು ಇಬ್ಬರೂ ಹೊರಗೆ ಹಾರಿ, ಒಂದು ಹುಳ ಕಚ್ಚಿಕೊಂಡು, ಬಾಯಿಗೆ ತುರುಕಿ, ಮತ್ತೆ ಹಾರಿ, ಹೀಗೆ ದಿನಕ್ಕೆ ನೂರಕ್ಕೂ ಹೆಚ್ಚು ಸಲ ಓಡಾಡುತ್ತವೆ. ಕಾವು ಹನ್ನೆರಡು ದಿನ, ಗೂಡಿನಲ್ಲಿ ಹದಿನೈದು ದಿನ. ಒಂದು ತಿಂಗಳೊಳಗೆ ಮೊಟ್ಟೆ ಹಾರುವ ಹಕ್ಕಿಯಾಗಿರುತ್ತದೆ. ತಾಯಿ ಮುಂದಿನ ಮೊಟ್ಟೆಗೆ ರೆಡಿ.

ಪೆಟ್ರೆಲ್‌ಗೆ ಊಟ ಇರುವುದು ತೆರೆದ ಕಡಲಲ್ಲಿ, ಅದೂ ಒಂದೇ ಕಡೆ ಅಲ್ಲ. ಇವತ್ತು ಇಲ್ಲಿದ್ದ ಮೀನಿನ ಮರಿ, ಸಣ್ಣ ಸಿಗಡಿಯಂಥವು ನಾಳೆ ಇನ್ನೆಲ್ಲೋ. ಒಂದು ಹಕ್ಕಿ ಕಾವಿಗೆ ಕೂತರೆ ಇನ್ನೊಂದು ಎರಡು ಮೂರು ದಿನ ಬರುವುದೇ ಇಲ್ಲ. ಬರುವಾಗ ತಡವಾದರೆ ಕೂತದ್ದೂ ಹಸಿವು ತಾಳದೆ ಎದ್ದು ಹೋಗುತ್ತದೆ. ಗುಬ್ಬಚ್ಚಿ ಮೊಟ್ಟೆ ಹಾಗೆ ಬಿಟ್ಟರೆ ಕತೆ ಮುಗಿಯಿತು. ಪೆಟ್ರೆಲ್ ಮೊಟ್ಟೆ ತಣ್ಣಗಾಗಿಯೂ ಕೆಲವು ದಿನ ತಡೆದುಕೊಳ್ಳುತ್ತದೆ, ಬೆಳವಣಿಗೆ ನಿಧಾನ ಆಗುತ್ತದೆ ಅಷ್ಟೇ. ಅದಕ್ಕೇ ಕಾವಿನ ದಿನ 40ರ ಆಸುಪಾಸು ಎಂದು ಬರೆದಿದ್ದರೂ ಅದಕ್ಕಿಂತ ಹತ್ತು ದಿನ ಎಳೆಯುವುದು ಉಂಟು.

ಮರಿಯ ಕತೆಯೂ ಅದೇ. ಅಪ್ಪ ಅಮ್ಮ ರಾತ್ರಿ ಬಂದು ಒಂದು ಸಲ ಊಡಿಸಿದರೆ ಪುಣ್ಯ, ಕೆಲವು ರಾತ್ರಿ ಯಾರೂ ಬರುವುದಿಲ್ಲ. ಮರಿ ಮೈ ತಣ್ಣಗೆ ಮಾಡಿಕೊಂಡು ಮಂಪರಿಗೆ ಜಾರುತ್ತದೆ, ಉಸಿರಾಟ ಎಲ್ಲಾ ನಿಧಾನ. ಊಟ ಬಂದಾಗ ಗಡದ್ದಾಗಿ ತಿಂದು ಕೊಬ್ಬು ಕೂಡಿಡುತ್ತದೆ. ದೊಡ್ಡವು ತಿಂದದ್ದನ್ನು ಹೊಟ್ಟೆಯಲ್ಲೇ ಗಟ್ಟಿ ಎಣ್ಣೆ ಮಾಡಿಕೊಂಡು ತರುತ್ತವೆ. ದೂರದಿಂದ ಹೊತ್ತು ತರಬೇಕಲ್ಲ, ನೀರಿನಂಶ ಕಳೆದು ಸಾರ ಮಾತ್ರ ತಂದ ಹಾಗೆ. ಒಂದು ಹಂತದಲ್ಲಿ ಮರಿ ಅಪ್ಪ ಅಮ್ಮನಿಗಿಂತ ದಪ್ಪ ಇರುತ್ತದೆ! ಮೊಟ್ಟೆ ಇಟ್ಟ ದಿನದಿಂದ ಮರಿ ಹಾರುವ ಹೊತ್ತಿಗೆ ಮೂರೂವರೆ ತಿಂಗಳು. ಇಷ್ಟೆಲ್ಲಾ ಒಂದು ಮರಿಗೆ. ಎರಡು ಇದ್ದಿದ್ದರೆ ಎರಡೂ ಅರೆಹೊಟ್ಟೆ.

ಇನ್ನೊಂದು, ಇದು ಸ್ವಲ್ಪ ಕಟುಕ ಅನ್ನಿಸಬಹುದು. ಕೆಟ್ಟ ವರ್ಷ ಬಂದರೆ ಪೆಟ್ರೆಲ್ ಮೊಟ್ಟೆಯನ್ನೇ ಬಿಟ್ಟು ಹೊರಟುಬಿಡುತ್ತದೆ. ಅದರ ಬಳಿ ಇನ್ನೂ ಹಂಗಾಮುಗಳಿವೆ, ತಾನು ಉಳಿದರೆ ಮುಂದಿನ ವರ್ಷ ನೋಡಿಕೊಂಡರಾಯಿತು. ಗುಬ್ಬಚ್ಚಿಗೆ ಮುಂದಿನ ವರ್ಷದ ಭರವಸೆಯೇ ಇಲ್ಲ, ಅದು ಇರುವ ಕಸುವೆಲ್ಲ ಈ ವರ್ಷವೇ ಸುರಿಯುತ್ತದೆ. ನೀವು ಚಾರ್ಟಿನಲ್ಲಿ ಒಂದೇ ಸಾಲು ಬರೆಯುವುದಾದರೆ ನಾನು ಇದನ್ನೇ ಬರೆಯುತ್ತಿದ್ದೆ.

ಬೆಳಗಿನಕೂಗು:

ಗುಬ್ಬಚ್ಚಿಯ ಮಾನದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ.

ಒಂದು ಗೊಂದಲ ಮೊದಲು ಬಿಡಿಸೋಣ. ಕಡಲಹಕ್ಕಿ ಅನ್ನುವುದು ಕಸುಬಿನ ಹೆಸರು, ಹಾಡುಹಕ್ಕಿ ಅನ್ನುವುದು ಕುಲದ ಹೆಸರು. ಪೆಂಗ್ವಿನ್, ಆಲ್ಬಟ್ರಾಸ್, ಪಫಿನ್, ಟರ್ನ್ ಎಲ್ಲಾ ಬೇರೆ ಬೇರೆ ಮನೆತನದವು, ಕಡಲಲ್ಲಿ ದುಡಿದು ತಿನ್ನುತ್ತವೆ ಎಂದು ಒಂದೇ ಹೆಸರು. ಎಲ್ಲಾ ಸೇರಿ ಸುಮಾರು 350 ಜಾತಿ. ಹಾಡುಹಕ್ಕಿಗಳು ಹಾಗಲ್ಲ. ಒಬ್ಬ ಮೂಲಪುರುಷನಿಂದ ಕವಲೊಡೆದ ಒಂದೇ ದೊಡ್ಡ ವಂಶ, ಸುಮಾರು 5000 ಜಾತಿ. ಕಾಗೆಯೂ ಅದರಲ್ಲೇ ಇದೆ! ಕಾಗೆಗೆ ಜಾಗ ಇದ್ದ ಮೇಲೆ ಗುಬ್ಬಚ್ಚಿಗೆ ಇಲ್ಲವೇ.

ಆ ಕುಲದ ಗುರುತು ಇಂಪು ಅಲ್ಲ, ಸಿರಿಂಕ್ಸ್ ಎಂಬ ದನಿಪೆಟ್ಟಿಗೆ. ಶ್ವಾಸನಾಳ ಎರಡಾಗಿ ಒಡೆಯುವ ಕಡೆ ಅದು ಇರುತ್ತದೆ, ಹಾಡುಹಕ್ಕಿಗಳಲ್ಲಿ ಅದನ್ನು ಆಡಿಸಲು ಹಲವು ಜೊತೆ ಸಣ್ಣ ಸ್ನಾಯುಗಳಿವೆ. ಎರಡನೆಯದು, ದನಿಯನ್ನು ಕೇಳಿ ಕಲಿಯುವ ಮಿದುಳು. ನಮ್ಮ ಮಕ್ಕಳು ಮಾತು ಕಲಿಯುವ ಹಾಗೆ. 1905ರಲ್ಲಿ ಎಡ್ವರ್ಡ್ ಕಾನ್ರಾಡಿ ಎಂಬ ಸಂಶೋಧಕ ಗುಬ್ಬಚ್ಚಿ ಮರಿಗಳನ್ನು ಕ್ಯಾನರಿ ಹಕ್ಕಿಗಳ ಜೊತೆ ಬೆಳೆಸಿದ್ದನ್ನು ಬರೆದಿದ್ದಾನೆ. ಆ ಗುಬ್ಬಚ್ಚಿಗಳು ಚಿಂವ್ ಚಿಂವ್ ಬದಿಗಿಟ್ಟು ಕ್ಯಾನರಿಯ ಹಾಡನ್ನು ಹಾಡಲು ಕಲಿತವು. ಗಂಟಲಲ್ಲಿ ಹಾಡು ಇತ್ತು, ಮನೆಯಲ್ಲಿ ಕಲಿಸುವವರು ಇರಲಿಲ್ಲ ಅಷ್ಟೇ. ಮಕ್ಕಳಿಗೆ ಈ ಕತೆ ಹೇಳಿ, ನಗುವುದಿಲ್ಲ.

ಪೆಟ್ರೆಲ್‌ಗೆ ಈ ಕಲಿಕೆ ಇಲ್ಲ, ಅದರ ದನಿ ಹುಟ್ಟಿನಿಂದ ಬಂದದ್ದು. ಬಿಲದೊಳಗೆ ಕೂತು ಬೆಕ್ಕು ಗುರುಗುಟ್ಟಿದ ಹಾಗೆ ಉದ್ದಕ್ಕೆ ಎಳೆಯುತ್ತದೆ, ಕೊನೆಗೆ ಬಿಕ್ಕಳಿಕೆ ಬಂದಂತೆ ಒಂದು ಸದ್ದು. ಇಂಪಂತೂ ಖಂಡಿತ ಅಲ್ಲ. ಆದರೆ ಕತ್ತಲಲ್ಲಿ ನೆಲದೊಳಗಿಂದ ಅದು ಬರುತ್ತಿದ್ದರೆ ಮೈ ಝುಂ ಅನ್ನುತ್ತದೆ.

ರಾತ್ರಿಪಾಳಿ:

ಪೆಟ್ರೆಲ್ ಹೆಸರು ಕಂಡು ನಾನೂ ಬಂದೆ. ರಾತ್ರಿ ಅನ್ನುವ ಮಾತು ಅಲ್ಲಿ ಇಲ್ಲಿ ಬಂತು, ಕಾರಣ ಯಾರೂ ಹೇಳಲಿಲ್ಲ. ಅದರ ಕಾಲು ತುಂಬಾ ಸೊರಗಿದ್ದು, ನೆಲದ ಮೇಲೆ ನೆಟ್ಟಗೆ ನಿಲ್ಲಲೂ ಬರುವುದಿಲ್ಲ, ತೆವಳುತ್ತದೆ. ಹಗಲು ದಡಕ್ಕೆ ಬಂದರೆ ಕಡಲಕಾಗೆಗಳು ನುಂಗಿಹಾಕುತ್ತವೆ. ಅದಕ್ಕೇ ಕತ್ತಲಾದ ಮೇಲೆ ಬಂದು ಬೆಳಕಾಗುವ ಮುಂಚೆ ಹೊರಡುತ್ತದೆ, ಬೆಳದಿಂಗಳಿದ್ದರೆ ಬರುವುದೂ ಕಡಿಮೆ. ಗೂಡು ಅಂದರೆ ಕಲ್ಲಿನ ಸಂದು, ಬಿಲ, ಹಳೇ ಗೋಡೆಯ ಬಿರುಕು. ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡಿನ ಮೂಸಾ ದ್ವೀಪದಲ್ಲಿ ಸುಮಾರು 2000 ವರ್ಷ ಹಳೆಯ ಕಲ್ಲಿನ ಗೋಪುರ ಇದೆ, ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಜೋಡಿಸಿ ಕಟ್ಟಿದ್ದು. ಅದರ ಗೋಡೆಯ ಸಂದುಗಳಲ್ಲೂ ಪೆಟ್ರೆಲ್ ಮೊಟ್ಟೆ ಇಡುತ್ತದೆ. ಮನುಷ್ಯರು ಕಟ್ಟಿದ ಗೋಡೆಯಲ್ಲಿ ಗೂಡು ಮಾಡುವುದರಲ್ಲಿ ಮಾತ್ರ ಗುಬ್ಬಚ್ಚಿಗೆ ಇದು ಸರಿಸಾಟಿ.

ನೀರಿನ ಮೇಲೆ ಆ ಕಾಲಿನ ಆಟವೇ ಬೇರೆ. ರೆಕ್ಕೆ ಎತ್ತಿ, ಕಾಲು ಇಳಿಬಿಟ್ಟು, ಅಲೆಯ ಮೇಲೆ ಪಟಪಟ ಹೆಜ್ಜೆ ಹಾಕುತ್ತಾ ತಿನ್ನುತ್ತದೆ. ನೀರ ಮೇಲೆ ನಡೆದ ಸಂತ ಪೀಟರ್ ಹೆಸರಿಂದಲೇ ಪೆಟ್ರೆಲ್ ಎಂದಾಯಿತು ಅನ್ನುತ್ತಾರೆ. ಗುಬ್ಬಚ್ಚಿಯ ಕಾಲು ಕೊಂಬೆ ಹಿಡಿಯಲು ಹೇಳಿ ಮಾಡಿಸಿದ್ದು, ನಿದ್ದೆಯಲ್ಲೂ ಬೀಳುವುದಿಲ್ಲ.

ಇನ್ನು ಮೂಗು. ಸಣ್ಣ ಕಡಲಜೀವಿಗಳು ಪಾಚಿ ಮೇಯುವಾಗ ನೀರಿನಿಂದ ಡೈಮೀಥೈಲ್ ಸಲ್ಫೈಡ್ ಎಂಬ ಅನಿಲ ಏಳುತ್ತದೆ. ಗೇಬ್ರಿಯಲ್ ನೆವಿಟ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು 1995ರಲ್ಲಿ ತೋರಿಸಿದ್ದು ಇದನ್ನೇ, ಸ್ಟಾರ್ಮ್ ಪೆಟ್ರೆಲ್‌ಗಳೂ ಸೇರಿ ಕೆಲವು ಕೊಳವೆಮೂಗಿನ ಹಕ್ಕಿಗಳು ಆ ವಾಸನೆ ಹಿಡಿದು ಬರುತ್ತವೆ ಎಂದು. ನಮಗೆ ಬರೀ ನೀಲಿ ಬಯಲಾಗಿ ಕಾಣುವ ಕಡಲಲ್ಲಿ ಅವುಗಳಿಗೆ ವಾಸನೆಯ ದಾರಿಗಳಿವೆ. ಉಪ್ಪುನೀರು ಕುಡಿದು ಕಣ್ಣಿನ ಮೇಲಿನ ಗ್ರಂಥಿಯಿಂದ ಉಪ್ಪನ್ನು ಹೊರಹಾಕುವ ವಿಷಯ ಎಲ್ಲಾ ಕಡೆ ಬರೆದಿರುತ್ತಾರೆ, ಚಾರ್ಟಿಗೆ ಅದೂ ಒಂದು ಸಾಲು ಇರಲಿ.

ಮೇಷ್ಟ್ರು ಹೇಳಿದ ಆ ಹೆದರಿಕೆಯ ಲೆಕ್ಕ ಇದೆಯಲ್ಲ, ಅದರ ನಿಜವಾದ ಹೆಸರು ಇಲಿ. ಹಡಗಿನಿಂದ ದ್ವೀಪಕ್ಕೆ ಇಳಿದ ಹೆಗ್ಗಣ ಬಿಲಕ್ಕೇ ನುಗ್ಗಿ ಮೊಟ್ಟೆ, ಮರಿ, ಕೂತ ತಾಯಿಯನ್ನೂ ಬಿಡುವುದಿಲ್ಲ. ಇಂಗ್ಲೆಂಡಿನ ಲಂಡಿ ದ್ವೀಪವನ್ನು 2006ರಲ್ಲಿ ಇಲಿಮುಕ್ತ ಎಂದು ಸಾರಿದರು. ಅಲ್ಲಿ ಸ್ಟಾರ್ಮ್ ಪೆಟ್ರೆಲ್ ಗೂಡು ಮಾಡಿದ್ದು ಖಚಿತವಾದದ್ದು 2014ರಲ್ಲಿ. ಎಂಟು ವರ್ಷ! ಗುಬ್ಬಚ್ಚಿಯಾಗಿದ್ದರೆ ಅಷ್ಟರಲ್ಲಿ ಮರಿಮೊಮ್ಮಕ್ಕಳ ಮರಿಮೊಮ್ಮಕ್ಕಳು ಇರುತ್ತಿದ್ದರು.

ಕೂಡಿಕಳೆ:

ಎಂಟು ವರ್ಷ ಕಂಡು ಖುಷಿಯಾಯಿತು, ಲೆಕ್ಕಕ್ಕೆ ಹೊಂದುತ್ತದೆ. ಆದರೆ ಗುಬ್ಬಚ್ಚಿಯನ್ನು ಗಟ್ಟಿಪಿಂಡ ಅಂದುಕೊಂಡು ಬಿಡಬೇಡಿ. ದೊಡ್ಡವು ಸತ್ತರೆ ತುಂಬಿಕೊಳ್ಳುತ್ತದೆ, ಮರಿಗೆ ಹುಳ ಸಿಗದಿದ್ದರೆ ತುಂಬಿಕೊಳ್ಳುವುದೇ ನಿಂತುಹೋಗುತ್ತದೆ. ಪೆಟ್ರೆಲ್‌ನ ಜುಟ್ಟು ಬೆಳೆದ ಹಕ್ಕಿಯ ಕೈಯಲ್ಲಿದ್ದರೆ ಗುಬ್ಬಚ್ಚಿಯದು ಮರಿಯ ಕೈಯಲ್ಲಿದೆ.

ಅಲೆಮಾರಿ ಅವರಿಗೆ ಒಂದು ಪ್ರಶ್ನೆ. ಹೊರಗಿನ ಸಾವು ಕಡಿಮೆ, ಸರಿ. ಆದರೆ ಮೈ ಸವೆಯಬೇಕಲ್ಲ? 25 ಗ್ರಾಂ ಯಂತ್ರ 30 ವರ್ಷ ಓಡುವುದು ಹೇಗೆ?

ಅಲೆಮಾರಿ:

ಪೂರ್ತಿ ಉತ್ತರ ಒಂದು ಸಾಲಲ್ಲಿ ಮುಗಿಯುವುದಿಲ್ಲ. ಒಂದು ಸುಳಿವು ಹೇಳುತ್ತೇನೆ. ಜೀವಕೋಶದೊಳಗೆ ವಂಶಗುಣ ಹೊತ್ತಿರುವ ಕ್ರೋಮೋಸೋಮಿನ ತುದಿಯಲ್ಲಿ ಟೆಲೊಮಿಯರ್ ಎಂಬ ಭಾಗ ಇರುತ್ತದೆ, ಚಪ್ಪಲಿ ಹಿಮ್ಮಡಿ ಸವೆದ ಹಾಗೆ ವಯಸ್ಸಾದಂತೆ ಸವೆಯುತ್ತದೆ. 2003ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಐದು ಜಾತಿಯ ಹಕ್ಕಿಗಳನ್ನು ನೋಡಿದರು. ಬೇಗ ಸಾಯುವ ಹಾಡುಹಕ್ಕಿ ಜೀಬ್ರಾ ಫಿಂಚ್‌ನಲ್ಲಿ ಅದು ಬೇಗ ಸವೆಯುತ್ತಿತ್ತು. ಲೀಚ್ಸ್ ಸ್ಟಾರ್ಮ್ ಪೆಟ್ರೆಲ್‌ನಲ್ಲಿ, ಇದು ನಮ್ಮ ಪೆಟ್ರೆಲ್‌ನ ಹತ್ತಿರದ ಬಂಧು, ವಯಸ್ಸಾದ ಹಕ್ಕಿಗಳಲ್ಲಿ ಅದು ಉದ್ದವೇ ಇತ್ತು. ಅದರಿಂದಲೇ ಆಯಸ್ಸು ಬಂತು ಎಂದು ಹೇಳಿಬಿಡಬೇಡಿ, ಆದರೆ ರಿಪೇರಿ ಕೆಲಸಕ್ಕೆ ಆ ಮೈ ಜಾಸ್ತಿ ಖರ್ಚು ಮಾಡುತ್ತದೆ ಎನ್ನುವುದಕ್ಕೆ ಹೊಂದುತ್ತದೆ. ನಾಳೆ ಇರುವ ಗ್ಯಾರಂಟಿ ಇದ್ದವನು ತಾನೇ ಮನೆ ರಿಪೇರಿ ಮಾಡಿಸುವುದು.

ಪುಕ್ಕಪುರಾಣ:

ಚಾರ್ಟ್ ಹೊಸದಾಗಿ ಶುರು ಮಾಡಿದೆ. ಮಧ್ಯೆ ಒಂದು ತಕ್ಕಡಿ, ಎರಡು ತಟ್ಟೆಯಲ್ಲೂ ಒಂದೊಂದು ಹಕ್ಕಿ, ಮುಳ್ಳು ಹತ್ತಿರ ಹತ್ತಿರ ನೆಟ್ಟಗೆ. ಕೆಳಗೆ ಗುಬ್ಬಚ್ಚಿಗೆ ಎರಡು ಹಂಗಾಮಿನ 24 ಮೊಟ್ಟೆ, ಪೆಟ್ರೆಲ್‌ಗೆ ಎಂಟು ಹಂಗಾಮಿನ ಎಂಟು ಮೊಟ್ಟೆ, ಎರಡು ಕಡೆಯೂ ಎರಡೆರಡಕ್ಕೆ ಮಾತ್ರ ಬಣ್ಣ. ಕ್ಯಾನರಿ ಹಾಡಿದ ಗುಬ್ಬಚ್ಚಿಗೆ ಮೂಲೆಯಲ್ಲಿ ಜಾಗ ಇಟ್ಟಿದ್ದೇನೆ. ಪೆನ್ಸಿಲ್ ಗೆರೆ ಆಗಿದೆ, ಬಣ್ಣ ಹಾಕುವ ಮುಂಚೆ ಏನಾದರೂ ತಪ್ಪಿದ್ದರೆ ಹೇಳಿ. ಪೆಟ್ರೆಲ್ ತಟ್ಟೆಯ ಅಂಚಿನ ಮೇಲೆ ನಿಂತು ಗುಬ್ಬಚ್ಚಿ ಕಡೆ ನೋಡುತ್ತಿದೆ, ಚೆನ್ನಾಗಿ ಬಂದಿದೆ.

ರಾತ್ರಿಪಾಳಿ:

ನಿಲ್ಲಿಸಬೇಡಿ ಮಾರಾಯ್ರೇ! ಈಗ ತಾನೇ ಹೇಳಿದೆನಲ್ಲ, ಅದಕ್ಕೆ ನಿಲ್ಲಲು ಬರುವುದಿಲ್ಲ, ಅಂಚು ಹಿಡಿಯುವುದಂತೂ ದೂರದ ಮಾತು. ಅಂಚಿನ ಮೇಲೆ ಗುಬ್ಬಚ್ಚಿ ಕೂರಲಿ. ಪೆಟ್ರೆಲ್ ತಟ್ಟೆಯೊಳಗೆ ಹೊಟ್ಟೆ ಊರಿ ಮಲಗಲಿ, ರೆಕ್ಕೆ ಮಡಚಿದಾಗ ಬಾಲಕ್ಕಿಂತ ಸ್ವಲ್ಪ ಆಚೆ ಬರಲಿ. ಬಿಚ್ಚಿ ಬರೆಯುವುದಾದರೆ ಪೆಟ್ರೆಲ್‌ಗೆ 37 ಸೆಂಟಿಮೀಟರ್, ಗುಬ್ಬಚ್ಚಿಗೆ 23. ಹಗಲಿನ ಬೆಳಕು ಗುಬ್ಬಚ್ಚಿ ಕಡೆ ಮಾತ್ರ ಹಾಕಿ.